ಸೈಲೆನ್ಸರ್ ಕಿತ್ತರೆ ವೇಗ ಹೆಚ್ಚುವುದೇ?

1985ರಲ್ಲಿ ಭಾರತದ ರಸ್ತೆಗಿಳಿದ ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲಿ ನಿಂತುಹೋಯಿತು. ಗಿರಾಕಿ ಮಾತ್ರ ಇಂದಿಗೂ ತಪ್ಪಿಲ್ಲ. ಹಳೆಯ ಗಾಡಿ ಕೊಂಡ ಹುಡುಗರಲ್ಲಿ ಹಲವರು ನೇರವಾಗಿ ಗ್ಯಾರೇಜಿಗೆ ಹೋಗಿ ಸೈಲೆನ್ಸರಿಗೆ ಕೈ ಹಾಕಿಸುತ್ತಾರೆ. ಒಳಗಿನ ಬ್ಯಾಫಲ್ ಕಿತ್ತರೆ ಹೊಗೆ ಸರಾಗವಾಗಿ ಹೊರಹೋಗುತ್ತದೆ, ಎಂಜಿನ್ನಿನ ಉಸಿರಾಟ ಸುಲಭವಾಗಿ ಶಕ್ತಿ ಹೆಚ್ಚುತ್ತದೆ ಎಂಬುದು ಅವರ ವಾದ. ಕೇಳಲು ಸರಿಯೆಂದೇ ತೋರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನ ಮಟ್ಟಿಗೆ ಅದು ಅರ್ಧ ಸತ್ಯ.

ಈ ಎಂಜಿನ್ನಿನಲ್ಲಿ ಹೊಗೆ ಹೋಗುವ ದಾರಿಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಂಡಿಯನ್ನು ಪಿಸ್ಟನ್ನೇ ತೆರೆಯುತ್ತದೆ, ಪಿಸ್ಟನ್ನೇ ಮುಚ್ಚುತ್ತದೆ. ಹೊಸ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒಳಬರುವಾಗಲೂ ಆ ಕಂಡಿ ತೆರೆದೇ ಇರುವುದರಿಂದ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಜಾರುತ್ತದೆ. ಅದನ್ನು ತಡೆಯುವುದು ಹೊಗೆ ಕೊಳವೆಯ ಆಕಾರ. ಹೊಗೆಯೊಂದಿಗೆ ಹೊರಟ ಒತ್ತಡದ ಅಲೆ ಕೊಳವೆ ಕಿರಿದಾಗುವಲ್ಲಿ ಬಡಿದು, ಬಾವಿಯೊಳಗೆ ಕೂಗಿದ ಕೂಗಿನಂತೆ ಹಿಂದಿರುಗುತ್ತದೆ. ಜಾರಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ.

ಲೆಕ್ಕ ನೋಡಿ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ 100. ಕಂಡಿ ಸುಮಾರು ಅರ್ಧ ಸುತ್ತಿನಷ್ಟು ಹೊತ್ತು, ಅಂದರೆ ಸೆಕೆಂಡಿನ 200ನೇ ಒಂದು ಭಾಗ ತೆರೆದಿರುತ್ತದೆ. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಸಾಗುತ್ತದೆ. ಒಂದು ಮೀಟರ್ ಹೋಗಿ ಮರಳಿದರೆ, ಕಂಡಿ ಮುಚ್ಚುವ ತುಸು ಮುನ್ನ ಬಾಗಿಲಿಗೆ ಹಾಜರು! 3,000 ಸುತ್ತಿನಲ್ಲಿ ಅದೇ ಅಲೆ ಬಹಳ ಬೇಗ ಬಂದು ಒಳಬರುವ ಮಿಶ್ರಣಕ್ಕೇ ಅಡ್ಡ ನಿಲ್ಲುತ್ತದೆ. ಯಾವ ವೇಗಕ್ಕೆ ಹೊಂದಿಸಿದ ಕೊಳವೆಯೋ ಆ ವೇಗದಲ್ಲಷ್ಟೇ ಅದರ ಪೂರ್ಣ ಉಪಕಾರ.

ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ವಿದ್ಯೆಯನ್ನು ಪಳಗಿಸಿದರು. 1961ರ ಹೊತ್ತಿಗೆ ಅವರ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ ಗುಟ್ಟನ್ನು ಸುಜುಕಿಗೆ ಕೊಟ್ಟರು. ಮರುವರ್ಷ ಸುಜುಕಿ ಏರಿ 50 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದರು. ಒಂದು ತಗಡಿನ ಕೊಳವೆಗೆ ಇಷ್ಟೆಲ್ಲ ಬೆಲೆ!

ಹಾಗಾಗಿ ಮಾರ್ಪಾಡಿನಿಂದ ಲಾಭವೇ ಇಲ್ಲವೆನ್ನಲಾಗದು. ಲೆಕ್ಕ ಹಾಕಿ ಮಾಡಿದ ಕೊಳವೆ, ಅದಕ್ಕೆ ತಕ್ಕಂತೆ ಕೊರೆದ ಕಂಡಿ, ಬದಲಿಸಿದ ಕಾರ್ಬ್ಯುರೇಟರ್ ಜೆಟ್ ಮೂರೂ ಕೂಡಿದರೆ ರೇಸಿನ ಬೈಕು ನಿಜಕ್ಕೂ ಹಾರುತ್ತದೆ. ಆದರೆ ಆ ಶಕ್ತಿ ಇರುವುದು ಮೇಲಿನ ಸುತ್ತುಗಳಲ್ಲಿ. ಸಂತೆಬೀದಿಯಲ್ಲಿ, ಸಿಗ್ನಲ್ಲಿನಲ್ಲಿ, ಘಾಟಿಯ ತಿರುವಿನಲ್ಲಿ ಬೇಕಾದ ಕೆಳಗಿನ ಎಳೆತ ಕುಗ್ಗುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಬರೀ ಬ್ಯಾಫಲ್ ಕಿತ್ತವರಿಗೆ ಮುಖ್ಯವಾಗಿ ದಕ್ಕುವುದು ಸದ್ದು. ಸದ್ದು ಜಾಸ್ತಿಯಾದರೆ ವೇಗವೂ ಜಾಸ್ತಿಯಾದಂತೆ ಕಿವಿ ನಂಬುತ್ತದೆ, ಅಷ್ಟೆ.

ಇನ್ನೂ ಅಪಾಯದ ಕೆಲಸವೆಂದರೆ ಜೆಟ್ ಬದಲಿಸದೆ ಏರ್ ಫಿಲ್ಟರ್ ತೆಗೆದುಹಾಕುವುದು. ಗಾಳಿ ಹೆಚ್ಚಿ ಪೆಟ್ರೋಲಿನ ಪಾಲು ತಗ್ಗುತ್ತದೆ, ಎಂಜಿನ್ ಕಾಯುತ್ತದೆ. ದೂಳು ಒಳಹೊಕ್ಕು ಸಿಲಿಂಡರ್ ಸವೆಯುತ್ತದೆ. ಕಾದ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಂಡರೆ, ಕ್ಲಚ್ ಹಿಡಿಯುವ ಮೊದಲೇ ಹಿಂಚಕ್ರ ನಿಂತುಬಿಡಬಹುದು. ಹೆದ್ದಾರಿಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ?

ಕಾನೂನೂ ಸಡಿಲವಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ವಿಧಿ ತಯಾರಕರ ಮೂಲ ವಿವರಕ್ಕೆ ಹೊರತಾದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ.

ಹಳೆಯ ಗಾಡಿ ಸೊರಗಿದ್ದರೆ ಕಾರಣ ಬಹುತೇಕ ಬೇರೆಯೇ ಇರುತ್ತದೆ. ಎಣ್ಣೆ ಉರಿದ ಮಸಿ ವರ್ಷಗಟ್ಟಲೆ ಕೂತು ಬ್ಯಾಫಲಿನ ತೂತುಗಳನ್ನೂ ಹೊಗೆಯ ಕಂಡಿಯನ್ನೂ ಕಟ್ಟಿಹಾಕಿರುತ್ತದೆ. ಬ್ಯಾಫಲ್ ಹೊರತೆಗೆದು, ಮಸಿ ಕೆರೆಸಿ, ಮರಳಿ ಅದೇ ಜಾಗದಲ್ಲಿ ಕೂರಿಸಬೇಕು. ಪಿಸ್ಟನ್ ರಿಂಗು ಸವೆದಿದ್ದರೆ ಬದಲಿಸಬೇಕು, ಕಾರ್ಬ್ಯುರೇಟರ್ ತೊಳೆಸಬೇಕು. ಹೊಸದರಲ್ಲಿದ್ದ 11 ಅಶ್ವಶಕ್ತಿಯಲ್ಲಿ ಕಳೆದುಹೋದ ಪಾಲು ಅಲ್ಲಿಯೇ ಅಡಗಿರುತ್ತದೆ.