ದಿನದ ಸವಾರಿಗೆ ಕಾರ್ಬನ್ ಗಾಲಿ ಬೇಕೆ? ಲೆಕ್ಕ ಹಾಕಿ ನೋಡೋಣ

ಬೆಳಗಾವಿ ಜಿಲ್ಲೆಯ ಧುಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಒಡ್ಡು ಇದೆ. ಅಲ್ಲಿಂದ ನದಿ ಗೋಕಾಕ ಫಾಲ್ಸ್ ಕಡೆಗೆ ಹರಿದು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಒಂದು ಕಡೆ ನೀರು, ಹಕ್ಕಿಗಳು, ಇನ್ನೊಂದು ಕಡೆ ಕಬ್ಬಿನ ಗದ್ದೆ. ಬೆಳಗಿನ ಹೊತ್ತು ಸೈಕಲ್ ಹೊಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಇದೇ ರಸ್ತೆಗಳಲ್ಲಿ ತಗ್ಗು-ದಿನ್ನೆಗಳಿವೆ, ಲೆಕ್ಕವಿಲ್ಲದಷ್ಟು ಹಂಪುಗಳಿವೆ, ಅಂಚಿನಲ್ಲಿ ಜಾಲಿಮುಳ್ಳು ಬಿದ್ದಿರುತ್ತದೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳೂ ಓಡಾಡುತ್ತವೆ.

ಇಂಥ ರಸ್ತೆಗೆ ಸೈಕಲ್ ಕೊಳ್ಳಲು ಹೊರಟವರು ಒಂದಲ್ಲ ಒಂದು ದಿನ ಈ ಮಾತು ಕೇಳಿರುತ್ತಾರೆ: 'ಮೊದಲು ಗಾಲಿ ಬದಲಿಸಿ, ಕಾರ್ಬನ್ ಹಾಕಿಸಿ, ಸೈಕಲ್ ತಾನಾಗಿಯೇ ಓಡುತ್ತದೆ.' ಕಾರ್ಬನ್ ಗಾಲಿಯ ಜೋಡಿಗೆ ಕಡಿಮೆಯೆಂದರೂ ಹತ್ತಾರು ಸಾವಿರ ರೂಪಾಯಿ. ಹೆಸರಾಂತ ಕಂಪನಿಗಳದ್ದಾದರೆ ಲಕ್ಷ ದಾಟುತ್ತದೆ. ಅಷ್ಟು ಹಣಕ್ಕೆ ನಿಜಕ್ಕೂ ಏನು ಸಿಗುತ್ತದೆ? ಜಾಹೀರಾತನ್ನೂ ಗೆಳೆಯರ ಮಾತನ್ನೂ ಬದಿಗಿಟ್ಟು, ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇದನ್ನು ನೋಡೋಣ.

ಕಾರ್ಬನ್ ಗಾಲಿ ಎಂದರೇನು?

ಗಾಲಿಯಲ್ಲಿ ಮೂರು ಮುಖ್ಯ ಭಾಗಗಳಿವೆ: ನಡುವಿನ ಹಬ್, ಅದರಿಂದ ಹೊರಡುವ ಕಡ್ಡಿಗಳು (ಸ್ಪೋಕ್), ಟೈರು ಕೂರುವ ರಿಮ್. 'ಕಾರ್ಬನ್ ಗಾಲಿ' ಎಂದಾಗ ಸಾಮಾನ್ಯವಾಗಿ ಕಾರ್ಬನ್ನಿನಿಂದ ಮಾಡಿರುವುದು ರಿಮ್ ಮಾತ್ರ. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಪದರ ಪದರವಾಗಿ ಅಚ್ಚಿನಲ್ಲಿಟ್ಟು, ಎಪಾಕ್ಸಿ ಎಂಬ ರಾಳದಿಂದ ಅಂಟಿಸಿ, ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ರೆಕ್ಕೆಗಳಲ್ಲಿ ಇರುವುದೂ ಇದೇ ಬಗೆಯ ವಸ್ತು. ಅಲ್ಯುಮಿನಿಯಂಗಿಂತ ಕಡಿಮೆ ತೂಕದಲ್ಲಿ ಅಷ್ಟೇ ಅಥವಾ ಹೆಚ್ಚು ಬಿಗಿತ ಕೊಡುವುದು ಇದರ ದೊಡ್ಡ ಗುಣ. ಬೇಕಾದ ಆಕಾರಕ್ಕೆ ಅಚ್ಚು ಹಾಕಬಹುದು ಎಂಬುದು ಎರಡನೆಯ ಗುಣ. 40, 50, 80 ಮಿಲಿಮೀಟರ್ ಎತ್ತರದ ರಿಮ್‌ಗಳನ್ನು ತೀರಾ ಭಾರವಾಗದಂತೆ ಮಾಡಲು ಸಾಧ್ಯವಾಗಿರುವುದು ಇದರಿಂದಲೇ.

ಹಾಗಾಗಿ ಕಾರ್ಬನ್ ಗಾಲಿಯ ಪರವಾಗಿ ಹೇಳುವ ಮಾತುಗಳು ಮುಖ್ಯವಾಗಿ ಮೂರು: ಹಗುರ, ಗಾಳಿಯನ್ನು ಸೀಳುತ್ತದೆ, ಕುಲುಕಾಟ ಕಡಿಮೆ. ಒಂದೊಂದಾಗಿ ನೋಡೋಣ.

ಮಾತು 1: 'ಹಗುರವಾದ್ದರಿಂದ ಏರು ಸಲೀಸು'

ರಸ್ತೆ ಸೈಕಲ್ಲಿನ ಸಾಮಾನ್ಯ ಅಲ್ಯುಮಿನಿಯಂ ಗಾಲಿಗಳ ಜೋಡಿ 1.8ರಿಂದ 2 ಕಿಲೋ ತೂಗುತ್ತದೆ. ಕಾರ್ಬನ್ ಜೋಡಿ 1.4ರಿಂದ 1.6 ಕಿಲೋ. ಉಳಿತಾಯ ಸುಮಾರು 400 ಗ್ರಾಂ ಎಂದಿಟ್ಟುಕೊಳ್ಳಿ. ಆದರೆ ಏರು ಹತ್ತುವುದು ಗಾಲಿಯೊಂದೇ ಅಲ್ಲ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ ಆಗುತ್ತದೆ. ಅದರಲ್ಲಿ 400 ಗ್ರಾಂ ಎಂದರೆ ಶೇಕಡಾ ಅರ್ಧಕ್ಕಿಂತ ಕಡಿಮೆ.

ಗೋಕಾಕ ಫಾಲ್ಸಿನಷ್ಟೇ, ಅಂದರೆ 52 ಮೀಟರ್, ಎತ್ತರದ ಏರನ್ನು ಹತ್ತುತ್ತೀರಿ ಎಂದುಕೊಳ್ಳಿ. 85 ಕಿಲೋವನ್ನು ಅಷ್ಟೆತ್ತರಕ್ಕೆ ಎತ್ತಲು ಸುಮಾರು 43,000 ಜೂಲ್ ಶಕ್ತಿ ಬೇಕು. 400 ಗ್ರಾಂ ಉಳಿಸಿದ್ದರಿಂದ ತಪ್ಪಿದ್ದು ಸುಮಾರು 200 ಜೂಲ್. 150 ವ್ಯಾಟ್ ಬಲದಲ್ಲಿ ತುಳಿಯುವವರಿಗೆ ಇದು ಒಂದೂವರೆ ಸೆಕೆಂಡಿಗಿಂತ ಕಡಿಮೆ. ಊಟದ ಲೆಕ್ಕದಲ್ಲಿ ಹೇಳುವುದಾದರೆ, ಅಷ್ಟು ಶಕ್ತಿ ತುಂಬಿಕೊಳ್ಳಲು ಒಂದು ಗ್ರಾಂ ಗೋಕಾಕ ಕರದಂಟೂ ಬೇಡ. ಅರ್ಧ ಲೀಟರ್ ನೀರು ಕುಡಿದು ಬಾಟಲಿ ಖಾಲಿ ಮಾಡಿದರೆ ಸೈಕಲ್ಲು ಅದಕ್ಕಿಂತ ಹೆಚ್ಚು ಹಗುರವಾಗುತ್ತದೆ.

'ತಿರುಗುವ ತೂಕ ಬೇರೆ, ಅದಕ್ಕೆ ಹತ್ತು ಪಟ್ಟು ಬೆಲೆ' ಎಂಬ ವಾದವೂ ಇದೆ. ಇದರಲ್ಲಿ ಸ್ವಲ್ಪ ಸತ್ಯವಿದೆ, ಬಹಳ ಉತ್ಪ್ರೇಕ್ಷೆಯಿದೆ. ಗಾಲಿಯ ಅಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ತಿರುಗಬೇಕು. ಹಾಗಾಗಿ ವೇಗ ಹೆಚ್ಚಿಸುವ ಕ್ಷಣದಲ್ಲಿ ಅದು ಹೆಚ್ಚೆಂದರೆ ಎರಡು ಪಟ್ಟು ಎಣಿಕೆಗೆ ಬರುತ್ತದೆ, ಹತ್ತು ಪಟ್ಟಲ್ಲ. ನಿಂತಲ್ಲಿಂದ ಗಂಟೆಗೆ 30 ಕಿ.ಮೀ. ವೇಗಕ್ಕೆ ಬರಲು 85 ಕಿಲೋಗೆ ಸುಮಾರು 2,950 ಜೂಲ್ ಬೇಕಾದರೆ, 400 ಗ್ರಾಂ ಪೂರ್ತಿಯಾಗಿ ಅಂಚಿನಲ್ಲೇ ಕಡಿಮೆಯಾದರೂ ಉಳಿಯುವುದು 28 ಜೂಲ್. ಒಮ್ಮೆ ವೇಗ ಹಿಡಿದ ಮೇಲೆ, ಸಮತಟ್ಟು ರಸ್ತೆಯಲ್ಲಿ ಆ ಲಾಭವೂ ಇಲ್ಲ.

ಮಾತು 2: 'ಗಾಳಿಯನ್ನು ಸೀಳುತ್ತದೆ'

ಇದು ನಿಜ. ಎತ್ತರದ ರಿಮ್‌ನ ಅಸಲು ಲಾಭ ತೂಕದಲ್ಲಲ್ಲ, ಇಲ್ಲಿದೆ. ಆದರೆ ಯಾವ ವೇಗದಲ್ಲಿ ಎಂಬುದು ಮುಖ್ಯ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಗಂಟೆಗೆ 15 ಕಿ.ಮೀ. ಆಸುಪಾಸಿನಲ್ಲಿ ನೆಟ್ಟಗೆ ಕೂತು ಹೋಗುವವರಿಗೆ ಗಾಳಿಯ ತಡೆ ಮತ್ತು ಟೈರಿನ ಉಜ್ಜಾಟ ಹೆಚ್ಚುಕಡಿಮೆ ಸಮಸಮ. 35 ಕಿ.ಮೀ. ದಾಟಿದ ಮೇಲೆ ಗಾಳಿಯೇ ಯಜಮಾನ.

ಗಾಲಿಗಳ ಗಾಳಿಸುರಂಗ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು ಗಂಟೆಗೆ 45 ಕಿ.ಮೀ. ಆಸುಪಾಸಿನ ವೇಗದಲ್ಲಿ. ಅಲ್ಲಿ ಒಂದು ಜೋಡಿ ಗಾಲಿ 15 ವ್ಯಾಟ್ ಉಳಿಸಿತು ಎಂದಿಟ್ಟುಕೊಳ್ಳಿ. ಅದೇ ಗಾಲಿ 25 ಕಿ.ಮೀ. ವೇಗದಲ್ಲಿ ಉಳಿಸುವುದು ಎರಡೂವರೆ ವ್ಯಾಟ್ ಅಷ್ಟೇ. 20 ಕಿ.ಮೀ. ವೇಗದಲ್ಲಿ ಒಂದೂಕಾಲು ವ್ಯಾಟ್ ಆಸುಪಾಸು. 25ರ ವೇಗದಲ್ಲಿ ಹತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ಹೋಗುವವರು ಇದರಿಂದ ಹದಿನೈದು ಸೆಕೆಂಡು ಬೇಗ ತಲುಪಿಯಾರು. ಒಂದು ಹಂಪಿನ ಮುಂದೆ ಬ್ರೇಕ್ ಹಿಡಿದು ಮತ್ತೆ ವೇಗ ಹಿಡಿಯುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿಹೋಗಿರುತ್ತದೆ.

ಇನ್ನೊಂದು ಮಾತು. ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸೈಕಲ್ಲಿನದಲ್ಲ, ಸವಾರನ ಮೈಯದು. ಮೊಣಕೈ ಮಡಚಿ ಸ್ವಲ್ಪ ಬಾಗಿದರೆ, ಪಟಪಟ ಹಾರಾಡುವ ಅಂಗಿಯ ಬದಲು ಮೈಗೊಪ್ಪುವ ಬಟ್ಟೆ ತೊಟ್ಟರೆ, ಗಾಲಿ ಉಳಿಸುವುದಕ್ಕಿಂತ ಹೆಚ್ಚು ಉಳಿಯುತ್ತದೆ.

ಎತ್ತರದ ರಿಮ್‌ಗೆ ಒಂದು ಕೆಟ್ಟ ಗುಣವೂ ಇದೆ. ಅಡ್ಡಗಾಳಿಗೆ ಅದು ಹಾಯಿಯಂತೆ ವರ್ತಿಸುತ್ತದೆ. ಮುಂಗಾರಿನ ಗಾಳಿ ಬಯಲಿನಲ್ಲಿ ಅಡ್ಡ ಬೀಸುವಾಗ, ಇಲ್ಲವೇ ದೊಡ್ಡ ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಮುಂದಿನ ಗಾಲಿ ಸಟ್ಟನೆ ಹೊರಳಿ ಹ್ಯಾಂಡಲ್ ಕೈತಪ್ಪುವಂತಾಗುತ್ತದೆ. ಹಗುರ ಮೈಕಟ್ಟಿನವರಿಗೆ, ಹೊಸಬರಿಗೆ ಇದು ಅಪಾಯ.

ಮಾತು 3: 'ಕುಲುಕಾಟ ಕಡಿಮೆ ಮಾಡುತ್ತದೆ'

ಕಡ್ಡಿಗಳಿಂದ ಬಿಗಿದ ಗಾಲಿ, ಅದು ಯಾವ ವಸ್ತುವಿನದೇ ಆಗಿರಲಿ, ಮೇಲಿಂದ ಕೆಳಕ್ಕೆ ಬಹಳ ಗಡುಸು. ಹೊಂಡದ ಹೊಡೆತಕ್ಕೆ ಅದು ತಗ್ಗುವುದು ಮಿಲಿಮೀಟರಿನ ಒಂದು ಪಾಲಿನಷ್ಟು. ಟೈರು ಹಲವು ಮಿಲಿಮೀಟರ್ ತಗ್ಗುತ್ತದೆ. ಅಂದರೆ ನಿಮ್ಮ ಬೆನ್ನು, ಅಂಗೈಗಳನ್ನು ಕಾಯುವುದು ರಿಮ್ ಅಲ್ಲ, ಟೈರಿನೊಳಗಿನ ಗಾಳಿ. 25 ಮಿ.ಮೀ. ಟೈರಿನಿಂದ 28 ಅಥವಾ 32ಕ್ಕೆ ಹೋಗಿ ಗಾಳಿ ಸ್ವಲ್ಪ ಕಡಿಮೆ ತುಂಬಿದರೆ ಆಗುವ ವ್ಯತ್ಯಾಸ ಯಾವ ದುಬಾರಿ ಗಾಲಿಯಿಂದಲೂ ಆಗದು. 'ಕಲ್ಲಿನಂತೆ ಗಾಳಿ ತುಂಬಿದರೆ ಜೋರು ಓಡುತ್ತದೆ' ಎಂಬುದೂ ಹಳೆಯ ತಪ್ಪು ತಿಳಿವಳಿಕೆಯೇ. ಒರಟು ರಸ್ತೆಯಲ್ಲಿ ಅತಿ ಬಿಗಿಯಾದ ಟೈರು ಪುಟಿಯುತ್ತದೆ, ಆ ಪುಟಿತದಲ್ಲೇ ಶಕ್ತಿ ಪೋಲಾಗುತ್ತದೆ.

ನಮ್ಮ ರಸ್ತೆಯ ಪರೀಕ್ಷೆ

'ಕಾರ್ಬನ್ ಗಾಜಿನಂತೆ, ಮುಟ್ಟಿದರೆ ಒಡೆಯುತ್ತದೆ' ಎಂಬ ಹೆದರಿಕೆಯನ್ನೂ ಪೂರ್ತಿ ಒಪ್ಪಬೇಕಿಲ್ಲ. ಚೆನ್ನಾಗಿ ಮಾಡಿದ ಕಾರ್ಬನ್ ರಿಮ್, ಅಲ್ಯುಮಿನಿಯಂ ನೆಗ್ಗುವಂಥ ಹೊಡೆತವನ್ನೂ ಎಷ್ಟೋ ಸಲ ತಾಳಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ತಾಳಲಾರದೆ ಹೋದಾಗ. ಅಲ್ಯುಮಿನಿಯಂ ಬಾಗುತ್ತದೆ, ನೆಗ್ಗುತ್ತದೆ, ಕಣ್ಣಿಗೆ ಕಾಣುತ್ತದೆ. ಸಣ್ಣ ಬೆಂಡ್ ಇದ್ದರೆ ಊರಿನ ಸೈಕಲ್ ಅಂಗಡಿಯವರು ಕಡ್ಡಿ ಬಿಗಿ-ಸಡಿಲ ಮಾಡಿ ಅರ್ಧ ಗಂಟೆಯಲ್ಲಿ ತೆಗೆದುಕೊಡುತ್ತಾರೆ. ಕಾರ್ಬನ್ ಬಾಗುವುದಿಲ್ಲ, ಬಿರಿಯುತ್ತದೆ. ಬಿರುಕು ಪದರಗಳ ಒಳಗೇ ಇದ್ದು ಹೊರಗೆ ಕಾಣದೆಯೂ ಇರಬಹುದು. ಕಾರ್ಬನ್ ರಿಮ್ ದುರಸ್ತಿ ಊರಿನ ಅಂಗಡಿಯ ಕೆಲಸವಲ್ಲ. ಬಿರಿದರೆ ರಿಮ್ಮನ್ನೇ ಬದಲಿಸಬೇಕು.

ಬ್ರೇಕ್ ವಿಷಯವನ್ನು ಮರೆಯಬಾರದು. ಹಳೆಯ ರಿಮ್ ಬ್ರೇಕ್ ಇರುವ ಸೈಕಲ್ಲಿಗೆ ಕಾರ್ಬನ್ ಗಾಲಿ ಹಾಕಿದರೆ ಅದಕ್ಕೆಂದೇ ಮಾಡಿದ ಬ್ರೇಕ್ ಪ್ಯಾಡ್ ಬೇಕು. ಮಳೆಯಲ್ಲಿ ಹಿಡಿತ ಅಲ್ಯುಮಿನಿಯಂಗಿಂತ ಕಡಿಮೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ ಬಿಸಿಯಾಗಿ, ಎಳೆಗಳನ್ನು ಹಿಡಿದಿಟ್ಟ ರಾಳ ಮೆದುವಾಗುವ ಅಪಾಯವಿದೆ. ಡಿಸ್ಕ್ ಬ್ರೇಕ್ ಇದ್ದರೆ ಈ ತೊಂದರೆ ಇಲ್ಲ.

ಹೊಸ ಕಾರ್ಬನ್ ರಿಮ್‌ಗಳಲ್ಲಿ ಕೆಲವು 'ಹುಕ್‌ಲೆಸ್'. ಟೈರಿನ ಅಂಚನ್ನು ಕಚ್ಚಿ ಹಿಡಿಯುವ ಕೊಕ್ಕೆ ಅವುಗಳಲ್ಲಿ ಇರುವುದಿಲ್ಲ. ಅವುಗಳಿಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐಗಿಂತ ಹೆಚ್ಚು ಗಾಳಿ ತುಂಬಕೂಡದು. ಪಂಚರ್ ಅಂಗಡಿಯ ಕಂಪ್ರೆಸರಿನಲ್ಲಿ ಅಂದಾಜಿಗೆ ಗಾಳಿ ಹಾಕಿಸುವ ರೂಢಿ ಇರುವವರು ಇದನ್ನು ನೆನಪಿಡಲೇಬೇಕು. ಮಿತಿ ಮೀರಿದರೆ ಟೈರು ಓಡುವಾಗಲೇ ಕಳಚಿಕೊಳ್ಳಬಹುದು.

ಹಾಗಾದರೆ ಯಾರಿಗೆ ಬೇಕು?

ಈ ಪ್ರಶ್ನೆ ಉತ್ತರ ಕರ್ನಾಟಕಕ್ಕೆ ಬರೀ ಹವ್ಯಾಸದ್ದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಂಗ್ ಪಟುಗಳನ್ನು ಕೊಡುತ್ತ ಬಂದ ನೆಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಈ ಜಿಲ್ಲೆಯದೇ. ಈ ಮಕ್ಕಳಲ್ಲಿ ಬಹಳಷ್ಟು ಮಂದಿ ರೈತರ, ಕೂಲಿಕಾರರ ಮನೆಯವರು. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಗೆ ಸಿಕ್ಕ ಉಕ್ಕಿನ ಸೈಕಲ್ಲೇ ಎಷ್ಟೋ ಮಕ್ಕಳಿಗೆ ಮೊದಲ ಸ್ವಂತ ಸೈಕಲ್ಲು. ಅಂಥ ಮನೆಯ ಹುಡುಗನೋ ಹುಡುಗಿಯೋ 'ಕಾರ್ಬನ್ ಗಾಲಿ ಇಲ್ಲದಿದ್ದರೆ ಗೆಲ್ಲೋದಕ್ಕೆ ಆಗಲ್ಲ' ಎಂದಾಗ, ತಂದೆ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ಅವರಿಗೆ ಪ್ರಾಮಾಣಿಕ ಉತ್ತರ ಹೀಗೆ. ಗಂಟೆಗೆ 40 ಕಿ.ಮೀ. ಮೇಲಿನ ವೇಗದಲ್ಲಿ ಒಬ್ಬರೇ ಓಡಬೇಕಾದ ಟೈಮ್ ಟ್ರಯಲ್‌ನಲ್ಲಿ ಎತ್ತರದ ಗಾಲಿಯ ಲಾಭ ನಿಜವಾದದ್ದು. ಪದಕಕ್ಕೂ ನಾಲ್ಕನೆಯ ಸ್ಥಾನಕ್ಕೂ ನಡುವೆ ಕೆಲವೇ ಸೆಕೆಂಡು ಇರುವಲ್ಲಿ ಅದು ಎಣಿಕೆಗೆ ಬರುತ್ತದೆ. ಗುಂಪಿನಲ್ಲಿ ಓಡುವ ರಸ್ತೆ ಸ್ಪರ್ಧೆಯಲ್ಲಿ ಮುಂದಿನವರ ಮರೆಯಲ್ಲಿ ಓಡುವ ಜಾಣ್ಮೆಗೆ ಅದಕ್ಕಿಂತ ಹೆಚ್ಚು ಬೆಲೆ. ದಿನನಿತ್ಯದ ಅಭ್ಯಾಸಕ್ಕಂತೂ ಅಲ್ಯುಮಿನಿಯಂ ಗಾಲಿಯೇ ಸರಿ. ಎಲ್ಲರೂ ಅದರಲ್ಲೇ ಅಭ್ಯಾಸ ಮಾಡಿದರೆ ಯಾರಿಗೂ ನಷ್ಟವಿಲ್ಲ. ತಂಡಕ್ಕೋ ಕ್ರೀಡಾ ನಿಲಯಕ್ಕೋ ಸೇರಿದ ಒಂದು ಜೋಡಿ ಕಾರ್ಬನ್ ಗಾಲಿಯನ್ನು ಸ್ಪರ್ಧೆಯ ದಿನ ಮಾತ್ರ ಹಂಚಿಕೊಂಡು ಬಳಸುವುದು, ಮನೆಗೊಂದು ಸಾಲ ಮಾಡುವುದಕ್ಕಿಂತ ಮೇಲು.

ದುಡ್ಡು ಮೊದಲು ಎಲ್ಲಿಗೆ?

ದಿನವೂ ರಸ್ತೆಯಲ್ಲಿ ಸೈಕಲ್ ಹೊಡೆಯುವವರಿಗೆ ನಮ್ಮ ಸಲಹೆಯ ಕ್ರಮ ಇದು.

- ಒಳ್ಳೆಯ ಟೈರು. ಅಗ್ಗದ ಗಡುಸು ಟೈರಿನಿಂದ ಒಳ್ಳೆಯ ಟೈರಿಗೆ ಬಂದರೆ ಉಜ್ಜಾಟದ ಗುಣಾಂಕ 0.008ರಿಂದ 0.005ಕ್ಕೆ ಇಳಿಯಬಹುದು. 85 ಕಿಲೋ ಒಟ್ಟು ತೂಕಕ್ಕೆ 25 ಕಿ.ಮೀ. ವೇಗದಲ್ಲಿ ಅದು ಸುಮಾರು 17 ವ್ಯಾಟ್. ಕಾರ್ಬನ್ ಗಾಲಿ ಅದೇ ವೇಗದಲ್ಲಿ ಉಳಿಸಿದ್ದು ಎರಡೂವರೆ ವ್ಯಾಟ್ ಎಂಬುದನ್ನು ನೆನಪಿಸಿಕೊಳ್ಳಿ. ಖರ್ಚು ಕೆಲವು ಸಾವಿರ.
- ಮೀಟರ್ ಇರುವ ಪಂಪು. ವಾರಕ್ಕೊಮ್ಮೆಯಾದರೂ ಗಾಳಿ ಅಳೆದು ತುಂಬಿ. 70 ಕಿಲೋ ತೂಕದವರಿಗೆ, 28 ಮಿ.ಮೀ. ಟೈರಿಗೆ 70ರಿಂದ 80 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ ನೋಡಬಹುದು. ರಿಮ್ ಮತ್ತು ಟೈರಿನ ಮೇಲೆ ಬರೆದ ಮಿತಿಯನ್ನು ಮೀರಬೇಡಿ.
- ಚೈನು. ಅದನ್ನು ಒರೆಸಿ ಎಣ್ಣೆ ಬಿಡುವುದಕ್ಕೆ ಹಣಕ್ಕಿಂತ ಮನಸ್ಸು ಬೇಕು.
- ಹೆಲ್ಮೆಟ್, ಹಿಂದಿನ ಕೆಂಪು ದೀಪ. ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆಯಲ್ಲಿ ಇವು ಇಲ್ಲದೆ ಬೇರೆ ಯಾವ ಭಾಗವನ್ನೂ ಕೊಳ್ಳಬೇಡಿ.
- ಗಟ್ಟಿಯಾದ ಅಲ್ಯುಮಿನಿಯಂ ಗಾಲಿ. ಈಗಿನ ಗಾಲಿ ಸವೆದಿದ್ದರೆ ಅದರ ಜಾಗಕ್ಕೆ ಇದು ಸಾಕು.

ಇಷ್ಟೆಲ್ಲ ಆದ ಮೇಲೂ ಕೈಯಲ್ಲಿ ಹಣ ಉಳಿದು, ಚೆಂದಕ್ಕಾಗಿ ಕಾರ್ಬನ್ ಬೇಕೆನಿಸಿದರೆ ಕೊಳ್ಳಿ. ಇಷ್ಟಪಟ್ಟು ಕೊಂಡದ್ದಕ್ಕೆ ಲೆಕ್ಕ ಒಪ್ಪಿಸಬೇಕಿಲ್ಲ. ಡಿಸ್ಕ್ ಬ್ರೇಕ್ ಸೈಕಲ್ಲಾಗಿರಲಿ, ರಿಮ್ ಎತ್ತರ 30-40 ಮಿ.ಮೀ. ಒಳಗಿರಲಿ, ಹೆಸರು-ವಾರಂಟಿ ಇಲ್ಲದ ಅಗ್ಗದ ಗಾಲಿ ಬೇಡ. ಜೋರಾಗಿ ಹೊಂಡಕ್ಕೆ ಬಿದ್ದ ಮೇಲೆ ರಿಮ್ ಸುತ್ತ ಬೆರಳಾಡಿಸಿ, ಬಿರುಕು ಅಥವಾ ಮೆತ್ತಗಿನ ಜಾಗ ಇದೆಯೇ ನೋಡಿ. ಅನುಮಾನ ಬಂದರೆ ಅದರ ಮೇಲೆ ಓಡಿಸಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಇದೇ ಎಚ್ಚರ ಇರಲಿ.

ಧುಪದಾಳದ ಒಡ್ಡಿನ ಮೇಲೆ ಸೂರ್ಯ ಹುಟ್ಟುವುದನ್ನು ನೋಡಿ ಮನೆಗೆ ಮರಳುವ ಸವಾರಿಗೆ ಹದಿನೈದು ಸೆಕೆಂಡು ಹೆಚ್ಚಾದರೆ ಕಳೆದುಕೊಳ್ಳುವುದೇನೂ ಇಲ್ಲ. ಗಾಲಿ ನೆಟ್ಟಗಿರಲಿ, ಟೈರಿನಲ್ಲಿ ಗಾಳಿ ಸರಿಯಿರಲಿ, ಅಷ್ಟು ಸಾಕು.