ಯಾವ ‘ಬಿಡು’?

ಸ್ಪ್ಯಾನಿಷ್ ಭಾಷೆಯನ್ನು ಅಭ್ಯಾಸಮಾಡುತ್ತಿರುವ ತರುಣರೊಬ್ಬರು ಮೊನ್ನೆ ಬಾಡಿದ ಮುಖದಿಂದ ಬಂದು, ಸ್ಪೇನಿನ ಗೆಳೆಯನೊಬ್ಬನ ಕಾಗದವನ್ನು ನನ್ನ ಮುಂದಿಟ್ಟರು. ಅದರ ಕೊನೆಯ ಸಾಲು: ‘ನೋ ದೆಹೆಸ್ ದೆ ಎಸ್ಕ್ರಿಬೀರ್ಮೆ’. ‘ನೋ’ ಎಂದರೆ ಬೇಡ, ‘ಎಸ್ಕ್ರಿಬೀರ್ಮೆ’ ಎಂದರೆ ನನಗೆ ಬರೆಯುವುದು. ನಡುವಿನದು ತಿಳಿಯದೆ ‘ನನಗೆ ಬರೆಯಬೇಡ’ ಎಂದು ಅರ್ಥಮಾಡಿಕೊಂಡು, ನಾಲ್ಕು ತಿಂಗಳಿಂದ ಮೌನವಾಗಿದ್ದರಂತೆ! ಗೆಳೆಯನು ಬೇಡಿದ್ದಾದರೋ ಅದಕ್ಕೆ ನೇರ ವಿರುದ್ಧ: ‘ನನಗೆ ಬರೆಯುವುದನ್ನು ಬಿಡಬೇಡ.’

ಆ ಭಾಷೆಯಲ್ಲಿ ಎರಡು ಕ್ರಿಯಾಪದಗಳು ಕೂಡಿ ಒಂದೇ ಅರ್ಥವನ್ನು ಕೊಡುವ ಪ್ರಯೋಗಗಳು ಹೇರಳವಾಗಿವೆ. ಒಂದೊಂದು ಪದವನ್ನೂ ಬೇರೆಬೇರೆಯಾಗಿ ನಿಘಂಟಿನಲ್ಲಿ ಹುಡುಕಿದವನಿಗೆ ಅರ್ಥವು ಕೈತಪ್ಪುತ್ತದೆ. ‘ದೆಹಾರ್’ ಎಂಬ ಕ್ರಿಯಾಪದವನ್ನೇ ನೋಡಿ. ಅದು ನಮ್ಮ ‘ಬಿಡು’. ‘ದೆಹಾರ್ ಎಸ್ಕ್ರಿಬೀರ್’ ಎಂದರೆ ಬರೆಯಲು ಬಿಡು. ನಡುವೆ ‘ದೆ’ ಎಂಬ ಪುಟ್ಟ ಪದವೊಂದು ಸೇರಿ ‘ದೆಹಾರ್ ದೆ ಎಸ್ಕ್ರಿಬೀರ್’ ಆಯಿತೋ, ಬರೆಯುವುದನ್ನು ಬಿಡು! ಒಂದು ಅನುಮತಿ, ಇನ್ನೊಂದು ನಿಲುಗಡೆ. ‘ದೆಹಾರ್ ಎಸ್ಕ್ರೀತೊ’ ಎಂದರೆ ಬರೆದಿಡು. ಇಲ್ಲಿ ಕನ್ನಡವು ‘ಬಿಡು’ವನ್ನು ಬಿಟ್ಟು ‘ಇಡು’ವನ್ನು ಹಿಡಿಯುತ್ತದೆ.

ಇದರಲ್ಲಿ ಕನ್ನಡಿಗನು ಕಂಗೆಡಬೇಕಾದುದೇನಿದೆ? ಬರೆಯಬಿಡು, ಬರೆದುಬಿಡು, ಬರೆಯುವುದನ್ನು ಬಿಡು ಎಂಬ ಮೂರನ್ನು ನಾವು ಮಕ್ಕಳಾಗಿದ್ದಾಗಲೇ ತೊಡಕಿಲ್ಲದೆ ಆಡಿದವರಲ್ಲವೇ? ಬೆಸುಗೆಯ ಜಾಗವನ್ನು ಗಮನಿಸಿದರೆ ಸಾಕು. ಕ್ರಮ ಮಾತ್ರ ತಿರುಗುಮುರುಗು. ನಮ್ಮಲ್ಲಿ ಬಿಟ್ಟೆ, ಬಿಟ್ಟನು ಎಂದು ಕೊನೆಯ ಪದವು ರೂಪ ಬದಲಿಸುತ್ತದೆ, ಅವರಲ್ಲಿ ಮೊದಲನೆಯದು.

‘ದೆಬೆರ್’ ಎಂಬುದೊಂದಿದೆ, ನಮ್ಮ ‘ಬೇಕು’ವಿನಂಥದು. ‘ಅವನು ಮನೆಯಲ್ಲಿರಬೇಕು’ ಎಂದು ನಾವೆಂದರೆ ಅದು ಕಟ್ಟಳೆಯೋ ಊಹೆಯೋ? ಎರಡೂ ಆಗಬಹುದು. ಸ್ಪ್ಯಾನಿಷ್ ವ್ಯಾಕರಣವು ‘ದೆಬೆ ಎಸ್ತಾರ್ ಎನ್ ಕಾಸಾ’ ಎಂಬುದನ್ನು ಕಟ್ಟಳೆಗೂ, ‘ದೆ’ ಸೇರಿಸಿದ ‘ದೆಬೆ ದೆ ಎಸ್ತಾರ್ ಎನ್ ಕಾಸಾ’ ಎಂಬುದನ್ನು ಊಹೆಗೂ ಹಂಚಿಕೊಟ್ಟಿದೆ. ಆದರೆ ಜನರ ನಾಲಗೆ ಪಂಡಿತರ ಗೆರೆಯನ್ನು ಎಲ್ಲಿ ಲೆಕ್ಕಿಸುತ್ತದೆ? ‘ದೆ’ ಇಲ್ಲದೆಯೂ ಊಹೆಯನ್ನು ಹೇಳುವುದು ರೂಢಿಯಾಗಿ, ಅವರ ಅಕಾಡೆಮಿಯೂ ಅದನ್ನು ಒಪ್ಪಿದೆ. ಊಹೆಗೆ ‘ದೆ’ ಬಿಟ್ಟರೂ ನಡೆದೀತು. ಕಟ್ಟಳೆಗೆ ಅದನ್ನು ಸೇರಿಸದಿರುವುದೇ ಲೇಸು.

ನನ್ನ ತರುಣ ಮಿತ್ರರಿಗೆ ಈ ಪಾಠಕ್ಕಿಂತ ಕಾಗದದ ಚಿಂತೆಯೇ ದೊಡ್ಡದಾಗಿತ್ತು. “ಈಗ ಏನೆಂದು ಬರೆಯಲಿ, ಸಾರ್?” ಎಂದರು. ‘ಬೊಲ್ಬೆರ್’ ಎಂದರೆ ಮರಳು. ಅದರ ಮುಂದೆ ‘ಆ’ ಸೇರಿಸಿ ಮತ್ತೊಂದು ಕ್ರಿಯಾಪದವನ್ನಿಟ್ಟರೆ, ನಾವು ‘ಮರಳಿ ಬರೆ’ ಎನ್ನುವಂತೆಯೇ, ಪುನಃ ಮಾಡುವ ಅರ್ಥ ಬರುತ್ತದೆ. ‘ನಾನು’ ಎಂಬುದಕ್ಕೆ ಹೊಂದಿಸುವಾಗ ‘ಬೊಲ್ಬೊ’ ಎನ್ನದೆ ‘ಬುಯೆಲ್ಬೊ’ ಎನ್ನಬೇಕೆಂದು ಎಚ್ಚರಿಸಿದೆ. ಅವರು ಅಲ್ಲಿಯೇ ಕುಳಿತು ಮೊದಲ ಸಾಲನ್ನು ಬರೆದರು: ‘ಬುಯೆಲ್ಬೊ ಆ ಎಸ್ಕ್ರಿಬೀರ್ತೆ’, ನಿನಗೆ ಮರಳಿ ಬರೆಯುತ್ತಿದ್ದೇನೆ.