ಬಂದೂಕಿಗೆ ಬೆಲೆ ಕಟ್ಟುವವರು

ನಾಗಪುರದ ರಾಮದಾಸಪೇಠ್‌ನಲ್ಲಿ ಪೊಲೀಸರು ಒಂದು ಮೇಜು ಹಾಕಿಕೊಂಡು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಬಂದೂಕು ತಂದುಕೊಡಿ, ಹೆಸರು ಕೇಳುವುದಿಲ್ಲ, ಕೇಸು ಹಾಕುವುದಿಲ್ಲ, ಕೈಗೇ ದುಡ್ಡು ಎಂದು ಬೋರ್ಡು. ಯಾರು ಬಂದಾರು? ಆಸ್ಪತ್ರೆಗಳು, ಡಾಕ್ಟರುಗಳ ಮನೆಗಳು, ಉಳ್ಳವರ ಫ್ಲ್ಯಾಟುಗಳು ತುಂಬಿದ ಬಡಾವಣೆ ಅದು. ಗಂಡ ತೀರಿಕೊಂಡ ಮೇಲೆ ಕಪಾಟಿನಲ್ಲಿ ಉಳಿದ ಹನ್ನೆರಡು ಬೋರಿನ ಕೋವಿಯನ್ನು ಏನು ಮಾಡಬೇಕೆಂದು ತಿಳಿಯದ ಹೆಂಗಸು ಬಂದಾರು. ಲೈಸೆನ್ಸ್ ನವೀಕರಣಕ್ಕೆ ಕಮಿಷನರ್ ಕಚೇರಿಗೆ ಅಲೆದು ಬೇಸತ್ತ ನಿವೃತ್ತರೊಬ್ಬರು ಬಂದಾರು. ಸೊಂಟಕ್ಕೆ ಕಟ್ಟಾ, ಅಂದರೆ ದೇಸಿ ಪಿಸ್ತೂಲು, ಸಿಕ್ಕಿಸಿಕೊಂಡು ಹಫ್ತಾ ವಸೂಲಿಗೆ ಹೊರಡುವವನು ಮಾತ್ರ ಬರಲಾರ. ಬಂದರೂ ಕುದುರೆ ಕೆಟ್ಟಿದ್ದನ್ನು ಕೊಟ್ಟು, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನು ಕೊಳ್ಳುತ್ತಾನೆ.

ಅಮೆರಿಕದ ಬಾಲ್ಟಿಮೋರ್ ನಗರ 1974ರಲ್ಲಿ ಇಂಥ ಮೇಜನ್ನು ನಿಜವಾಗಿಯೂ ಹಾಕಿತು. ಬಂದೂಕಿಗೆ ಐವತ್ತು ಡಾಲರ್. ಸುಮಾರು 13,500 ಬಂದೂಕುಗಳು ಬಂದು ಬಿದ್ದವು. ಖರೀದಿ ನಡೆಯುತ್ತಿದ್ದಾಗಲೇ ಊರಿನಲ್ಲಿ ಗುಂಡೇಟಿನ ಕೊಲೆಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಖರೀದಿಯಿಂದಲೇ ಹೆಚ್ಚಿದವು ಎಂದು ಯಾರೂ ಹೇಳುವುದಿಲ್ಲ. ತಗ್ಗಿಸಲು ಅದಕ್ಕೆ ಆಗಲಿಲ್ಲ ಎಂಬುದು ಮಾತ್ರ ಖಚಿತ. ಅಲ್ಲಿಂದೀಚೆಗೆ ಅಮೆರಿಕದ ಹತ್ತಾರು ಊರುಗಳು ಹೀಗೆ ಸ್ವಇಚ್ಛೆಯ ಖರೀದಿ ನಡೆಸಿವೆ. ಅಧ್ಯಯನ ಮಾಡಿದವರಿಗೆ ಅಪರಾಧದ ಲೆಕ್ಕದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಕ್ಕಿಲ್ಲ.

ಹಾಗಾದರೆ ಆಸ್ಟ್ರೇಲಿಯಾ? ಈ ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದು. 1996ರ ಏಪ್ರಿಲ್‌ನಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಜನರ ಆರೋಗ್ಯ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಚೂರು ಏರಿಸಿ, ಆ ಹಣದಿಂದ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಕೊಂಡು ಪುಡಿ ಮಾಡಿತು. ಗುಂಡೇಟಿನ ಸಾವುಗಳು, ಅದರಲ್ಲೂ ಆತ್ಮಹತ್ಯೆಗಳು, ಇಳಿದವು. ಮೊದಲಿನಿಂದಲೂ ಇಳಿಯುತ್ತಿದ್ದವಲ್ಲ ಎಂದು ವಾದಿಸುವವರಿದ್ದಾರೆ, ಅದರಲ್ಲೂ ಹುರುಳಿದೆ. ಆದರೆ ಅಲ್ಲಿ ನಡೆದದ್ದು ಬರೀ ಖರೀದಿಯಲ್ಲ. ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್‌ಗಳನ್ನೇ ನಿಷೇಧಿಸಿದರು, ಪ್ರತಿ ಬಂದೂಕನ್ನೂ ನೋಂದಾಯಿಸಿದರು, ಆತ್ಮರಕ್ಷಣೆಗೆ ಬೇಕು ಎಂಬ ಕಾರಣಕ್ಕೆ ಲೈಸೆನ್ಸ್ ಇಲ್ಲವೆಂದರು. ಸುತ್ತ ಸಮುದ್ರ. ಕೊಟ್ಟವನು ಮತ್ತೆ ಅಂಥದ್ದನ್ನು ತರುವ ದಾರಿ ಮುಚ್ಚಿತ್ತು. ಕಾಲ ಸರಿದ ಹಾಗೆ ಲೈಸೆನ್ಸಿನ ಬಂದೂಕುಗಳು ಮತ್ತೆ ಹೆಚ್ಚಿ ನಲವತ್ತು ಲಕ್ಷ ದಾಟಿದವು. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬೋಂಡಿ ಕಡಲತೀರದ ಹತ್ಯಾಕಾಂಡವಾದ ಮೇಲೆ ಸರ್ಕಾರ ಇನ್ನೊಂದು ಸುತ್ತಿನ ಖರೀದಿ ಘೋಷಿಸಬೇಕಾಯಿತು.

ಆದ್ದರಿಂದ ಎಷ್ಟು ಬಂದೂಕು ಬಂದವು ಎಂದು ಕೇಳುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕೊಟ್ಟವನಿಗೆ ಮುಂದಿನ ವಾರ ಇನ್ನೊಂದು ಸಿಗುತ್ತದೆಯೇ, ಅದು ಅವನಿಗೆ ಇನ್ನೂ ಬೇಕೇ ಎಂದು ಕೇಳಬೇಕು.

ಈ ಅಳತೆಗೋಲು ಹಿಡಿದು ನೋಡಲು ನಾಗಪುರದಿಂದ ಬಹಳ ದೂರ ಹೋಗಬೇಕಿಲ್ಲ. ಗಡ್‌ಚಿರೋಲಿ ಅಲ್ಲಿಂದ ಒಂದು ಬೆಳಗಿನ ಪ್ರಯಾಣ. 2025ರ ಅಕ್ಟೋಬರ್‌ನಲ್ಲಿ ಮಾವೋವಾದಿ ಪಕ್ಷದ ಪಾಲಿಟ್‌ಬ್ಯೂರೋ ಸದಸ್ಯ ಮಲ್ಲೋಜುಲ ವೇಣುಗೋಪಾಲ ರಾವ್, ಅಂದರೆ ಭೂಪತಿ, ಅರವತ್ತು ಮಂದಿ ಸಂಗಡಿಗರ ಜತೆ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರ ಮುಂದೆ ಶರಣಾದ. ಜತೆಗೆ ಬಂದ ಆಯುಧಗಳು 54. ಅವುಗಳಲ್ಲಿ ಏಳು ಎಕೆ-47, ಒಂಬತ್ತು ಇನ್ಸಾಸ್ ರೈಫಲ್. ಅದಾದ ಎರಡೇ ದಿನಕ್ಕೆ ಛತ್ತೀಸ್‌ಗಢದ ಜಗದಲ್‌ಪುರದಲ್ಲಿ 210 ಜನ ಮಾವೋವಾದಿಗಳು ಶರಣಾಗಿ 153 ಆಯುಧ ಒಪ್ಪಿಸಿದರು. ಶರಣಾದವರಿಗೆ ಪುನರ್ವಸತಿಯ ಹಣವಿದೆ, ತಂದ ಆಯುಧಕ್ಕೆ ಪ್ರತ್ಯೇಕ ದರಪಟ್ಟಿಯಿದೆ. ನಮ್ಮ ದೇಶದಲ್ಲಿ ಬಂದೂಕಿನ ಖರೀದಿ ಎನ್ನಬಹುದಾದದ್ದು ಇದೇ.

ಆದರೆ ದರಪಟ್ಟಿ ನೋಡಿ ಯಾರೂ ಕಾಡು ಬಿಟ್ಟು ಬಂದಿಲ್ಲ. ಮಹಾರಾಷ್ಟ್ರದ ಶರಣಾಗತಿ ಯೋಜನೆ 2005ರಿಂದಲೇ ಇತ್ತು. ಭೂಪತಿ ಬಂದದ್ದು ಇಪ್ಪತ್ತು ವರ್ಷದ ನಂತರ. ಆ ಹೊತ್ತಿಗೆ ಪಕ್ಷದ ಪ್ರಧಾನ ಕಾರ್ಯದರ್ಶಿ ಬಸವರಾಜು ಅಬೂಜಮಾಡ್‌ನಲ್ಲಿ ಹತನಾಗಿದ್ದ, ಊರುಗಳಿಂದ ಹೊಸ ಹುಡುಗರು ಬರುವುದು ಬತ್ತಿತ್ತು, ಪೊಲೀಸರಿಂದ ಕಿತ್ತುಕೊಂಡು ಶಸ್ತ್ರ ಸೇರಿಸುತ್ತಿದ್ದ ದಳಗಳಿಗೆ ಕಿತ್ತುಕೊಳ್ಳುವ ಬಲ ಉಳಿದಿರಲಿಲ್ಲ. ಕೊಟ್ಟರೆ ಮತ್ತೆ ಸಿಗದ ಬಂದೂಕು, ಇಟ್ಟುಕೊಂಡರೂ ಪ್ರಯೋಜನವಿಲ್ಲದ ಬಂದೂಕು: ಎರಡೂ ಸೇರಿದಾಗ ಖರೀದಿ ಫಲಿಸಿತು. ಹಣ ಮಾಡಿದ್ದು ಸಣ್ಣ ಕೆಲಸ, ಆದರೆ ಬೇಕಾದ ಕೆಲಸ. ಕಾಡಿನಿಂದ ಹೊರಬಂದವನಿಗೆ ಮೊದಲ ವರ್ಷ ಊಟ, ಸೂರು ಸಿಗಬೇಕಲ್ಲ. ಗಡ್‌ಚಿರೋಲಿಯ ಕೊನ್ಸರಿಯ ಉಕ್ಕಿನ ಕಾರ್ಖಾನೆಯಲ್ಲಿ ಹೀಗೆ ಬಂದ ಹಲವರಿಗೆ ನೌಕರಿ ಸಿಕ್ಕಿದೆ; ನನ್ನ ಕಣ್ಣಿಗೆ ಎಕೆ-47ರ ದರಕ್ಕಿಂತ ಅದು ದೊಡ್ಡದು.

ಕರ್ನಾಟಕದ ಕತೆ ಇನ್ನೂ ಸ್ವಾರಸ್ಯದ್ದು. 2024ರ ನವೆಂಬರ್‌ನಲ್ಲಿ ಹೆಬ್ರಿಯ ಕಬ್ಬಿನಾಲೆ ಬಳಿ ನಕ್ಸಲ್ ಮುಖಂಡ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಜನ ನಕ್ಸಲರು ಶರಣಾಗಲು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಬಂದು ನಿಂತರು, ಬರಿಗೈಯಲ್ಲಿ. ಬಂದೂಕು ಎಲ್ಲಿ ಎಂದು ವಿರೋಧ ಪಕ್ಷ ಹರಿಹಾಯ್ದಿತು. ಕೆಲವೇ ದಿನಗಳಲ್ಲಿ ಅವು ಕೊಪ್ಪದ ಕಾಡಿನಲ್ಲಿ ಪತ್ತೆಯಾದವು. ಕೇಳಿದ್ದು ತಪ್ಪಲ್ಲ, ಲೆಕ್ಕ ಸಿಗದ ಬಂದೂಕು ಇನ್ಯಾರ ಕೈಗೋ ಸೇರೀತು. ಆದರೂ ಹೇಳುತ್ತೇನೆ, ಮನುಷ್ಯ ಬಂದು ಬಂದೂಕು ತಡವಾದರೆ ಸಹಿಸಬಹುದು. ಬಂದೂಕು ಬಂದು ಮನುಷ್ಯ ಒಳಗೇ ಉಳಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಶರಣಾಗುವ ಮನುಷ್ಯರಿಗೂ ಒಪ್ಪಿಸುವ ಆಯುಧಗಳಿಗೂ ಬರೀ ಸಂಖ್ಯೆಯ ಗುರಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಾರ್ಖಂಡ್ ಸಾಕ್ಷಿ. ಅಲ್ಲಿ 514 ಯುವಕರನ್ನು ನಕ್ಸಲರೆಂದು ತೋರಿಸಿ ಶರಣಾಗಿಸಿದ ಆರೋಪ ಮಾನವ ಹಕ್ಕು ಆಯೋಗಕ್ಕೂ ಹೈಕೋರ್ಟಿಗೂ ಹೋಯಿತು. ಅರೆಸೇನೆಯಲ್ಲಿ ನೌಕರಿ ಸಿಗುತ್ತದೆಂಬ ಆಸೆ ತೋರಿಸಿ ಆ ಹುಡುಗರಿಂದಲೇ ಹಣ ಕಿತ್ತಿದ್ದರಂತೆ. ಕೊಳ್ಳುವವನಿದ್ದಾನೆ ಎಂದು ಗೊತ್ತಾದರೆ ಸರಕು ತಾನಾಗಿ ಹುಟ್ಟುತ್ತದೆ.

ಮಣಿಪುರದಲ್ಲಿ ಇನ್ನೊಂದು ತೊಡಕು. 2023ರ ಗಲಭೆಯಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದ ಲೂಟಿಯಾದ ಆಯುಧಗಳು ಸುಮಾರು ಆರು ಸಾವಿರ. 2025ರ ಫೆಬ್ರುವರಿಯಲ್ಲಿ ರಾಜ್ಯಪಾಲ ಅಜಯ್ ಕುಮಾರ್ ಭಲ್ಲಾ ಗಡುವು ಕೊಟ್ಟು, ಕೇಸಿಲ್ಲ ಎಂದು ಭರವಸೆ ಕೊಟ್ಟು ಕರೆದಾಗ ಸಾವಿರದಷ್ಟು ವಾಪಸು ಬಂದವು. ಕೊಡದೆ ಉಳಿದವರೆಲ್ಲ ಪುಂಡರೆಂದೇ ಅಲ್ಲ. ಪಕ್ಕದ ಊರಿನವನು ಇಟ್ಟುಕೊಂಡಿರುವಾಗ ನಾನೊಬ್ಬನೇ ಏಕೆ ಕೊಡಲಿ ಎಂಬ ಭಯಕ್ಕೆ ಯಾವ ದರವೂ ಸಾಲದು.

ಹೀಗಾಗಿ ನಾವು ಬಂದೂಕು ಸಂಗ್ರಹಿಸುವುದು ಸುಲಭವಾಗಿ ಕೊಡುವವರಿಂದ. ಚುನಾವಣೆ ಬಂತೆಂದರೆ ಸುಳ್ಯ, ಪುತ್ತೂರಿನ ಅಡಿಕೆ ಬೆಳೆಗಾರ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಹಂದಿ, ಮಂಗಗಳಿಗೆ ನೀತಿಸಂಹಿತೆ ಅನ್ವಯವಾಗುವುದಿಲ್ಲ. ಫಲಿತಾಂಶ ಬಂದ ಮೇಲೆ ಕೋವಿ ಮನೆಗೆ. ಈ ಪೈಕಿ ಯಾರ ಕೋವಿ ಮತಗಟ್ಟೆಗೆ ಅಪಾಯವಾಗಿತ್ತು?

ರಾಮದಾಸಪೇಠ್‌ನ ಮೇಜಿಗೆ ಬಾರದ ಕಟ್ಟಾ ಹುಟ್ಟುವುದು ಬೇರೆ ಕಡೆ. ಮಧ್ಯಪ್ರದೇಶದ ಬಡವಾನಿ, ಖರ್‌ಗೋನ್ ಜಿಲ್ಲೆಗಳಲ್ಲಿ ಸಿಕ್ಲಿಗರ್ ಸಮುದಾಯದ ಕುಲುಮೆಗಳಿವೆ. ತಲೆತಲಾಂತರದಿಂದ ಆಯುಧ ಮಾಡಿಕೊಂಡು ಬಂದ ಕೈಗಳು ಈಗ ಪಿಸ್ತೂಲು ಮಾಡುತ್ತವೆ. 2025ರ ನವೆಂಬರ್‌ನಲ್ಲಿ ಪುಣೆ ಪೊಲೀಸರು ಗಡಿ ದಾಟಿ ಉಮರ್ಟಿ ಎಂಬ ಊರಿಗೇ ಹೋಗಿ ಕುಲುಮೆಗಳನ್ನು ಒಡೆದು ಬಂದರು. ಒಡೆದ ಕುಲುಮೆಯನ್ನು ಮತ್ತೆ ಕಟ್ಟಲು ಹೆಚ್ಚು ಸಮಯ ಬೇಡ, ಕೈಕಸುಬು ಬೇರೆ ಇಲ್ಲದಿದ್ದರೆ. ನಾಗಪುರದಲ್ಲಿ ಮೇಜು ಹಾಕುವ ದುಡ್ಡಿದ್ದರೆ ಅದನ್ನು ಉಮರ್ಟಿಗೆ ಒಯ್ಯಲಿ: ಶಾಲೆಗಳ ಗೇಟು, ಟ್ರ್ಯಾಕ್ಟರಿನ ಬಿಡಿಭಾಗ, ಆಸ್ಪತ್ರೆಯ ಮಂಚಗಳಿಗೆ ವರ್ಷ ತಪ್ಪದೆ ಸರ್ಕಾರವೇ ಆರ್ಡರು ಕೊಡಲಿ, ಪಿಸ್ತೂಲಿನಿಂದ ಸಿಗುವುದಕ್ಕಿಂತ ಹೆಚ್ಚು ಕೂಲಿ ಬೀಳುವ ಹಾಗೆ.